ಬ್ಲೇಸಿಯ ಕೊನೆಯ ಕಡ್ಡಿ

ನವೆಂಬರ್ ಮೂರನೇ ವಾರ ಟಗರುಗಳ ಪುಸ್ತಕ ಅಂಚೆಯಲ್ಲಿ ಬಂತೆಂದರೆ ನಮ್ಮ ಕೊಲ್ಲಿಯಲ್ಲಿ ಯಾರೂ ಯಾರ ಫೋನಿಗೂ ಸಿಗುವುದಿಲ್ಲ. ಎಲ್ಲರ ಅಡುಗೆಮನೆಯ ಮೇಜಿನ ಮೇಲೂ ಅದೇ ತೆರೆದು ಬಿದ್ದಿರುತ್ತದೆ. ಆ ವರ್ಷ ವೀರ್ಯಕೇಂದ್ರದಲ್ಲಿರುವ ಒಂದೊಂದು ಟಗರಿಗೂ ಒಂದೊಂದು ಪುಟ. ಫೋಟೊ, ಅಪ್ಪ ಅಮ್ಮನ ಹೆಸರು, ಬೆನ್ನಿನ ಮಾಂಸದ ದಪ್ಪ, ಉಣ್ಣೆಯ ಗುಣ, ಕೊನೆಗೆ ಸ್ವಭಾವದ ಬಗ್ಗೆ ಎರಡು ಸಾಲು. ಗಂಡು ಹುಡುಕುವಾಗಲೂ ಹೆಣ್ಣಿಗೆ ಇಷ್ಟು ವಿವರ ಸಿಗುವುದಿಲ್ಲ. ನನಗಂತೂ ಸಿಗಲಿಲ್ಲ. ಸಿಕ್ಕಿದ್ದರೆ ಏಳು ವರ್ಷ ಉಳಿಯುತ್ತಿತ್ತು.

ಈ ವರ್ಷದ ಪುಸ್ತಕ ನಿನ್ನೆ ಬಂತು. ಕಾಫಿ ಬಗ್ಗಿಸಿಕೊಂಡು ಕೂತವಳು ಎದ್ದು ಹೋಗಿ ಡ್ರಾಯರಿನಿಂದ ಅಪ್ಪನ ಭೂತಗನ್ನಡಿ ತಂದು ಪಕ್ಕದಲ್ಲಿಟ್ಟುಕೊಂಡೆ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಅರುವತ್ತಾದರೂ ಸೂಜಿಗೆ ದಾರ ಪೋಣಿಸುತ್ತೇನೆ. ಆದರೂ ಆ ಪುಸ್ತಕದ ಪಕ್ಕ ಆ ಕನ್ನಡಿ ಇಲ್ಲದಿದ್ದರೆ ಮೇಜು ಖಾಲಿ ಖಾಲಿ ಅನ್ನಿಸುತ್ತದೆ.

ನನ್ನ ಹೆಸರು ಹೆರ್ದಿಸ್. ಅಪ್ಪ ಮಾತ್ರ ದೀಸಾ ಅನ್ನುತ್ತಿದ್ದ. ಮೂವತ್ತು ವರ್ಷದಿಂದ ಡಿಸೆಂಬರ್ ಬಂದರೆ ಈ ಕೊಲ್ಲಿಯ ಹದಿನಾಲ್ಕು ಮನೆಗಳ ಕುರಿಗಳಿಗೆ ಕಡ್ಡಿ ಹಾಕುವವಳು ನಾನು. ಕಡ್ಡಿಯೆಂದರೆ ಟಗರಿನ ವೀರ್ಯ ತುಂಬಿದ, ಪೊರಕೆಕಡ್ಡಿಯಷ್ಟು ಸಪೂರದ ಪ್ಲಾಸ್ಟಿಕ್ ನಳಿಗೆ. ಬೆದೆಗೆ ಬಂದ ಕುರಿಯ ಹಿಂಗಾಲನ್ನು ಒಬ್ಬರು ಎತ್ತಿ ಹಿಡಿಯಬೇಕು, ನಾನು ತಲೆಗೆ ದೀಪ ಕಟ್ಟಿಕೊಂಡು ಬಗ್ಗಬೇಕು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ನೂರಾರು ಮೈಲಿ ದೂರದ ಟಗರೊಂದು ನಿಮ್ಮ ಕೊಟ್ಟಿಗೆಗೆ ಬಂದುಹೋಗುತ್ತದೆ.

ಬಂದುಹೋಗುತ್ತದೆ ಅಂದೆನಲ್ಲ, ಬ್ಲೇಸಿಯ ವಿಷಯದಲ್ಲಿ ನಮಗೆ ಬೇಕಾಗಿದ್ದು ಅದಲ್ಲ. ಅವನು ಮನೆಗೆ ಮರಳಬೇಕಾಗಿತ್ತು.

ಬ್ಲೇಸಿ ನಮ್ಮ ಮನೆಯ ಟಗರು. ಕಪ್ಪು ಮೈ, ಬಿಳಿ ಕಾಲು, ಹಣೆಯಿಂದ ಮೂಗಿನವರೆಗೆ ಬಿಳಿ ಪಟ್ಟೆ. ಆ ಪಟ್ಟೆ ಮೂಗಿನ ಹತ್ತಿರ ಎಡಕ್ಕೆ ವಾಲಿತ್ತು, ಯಾರೋ ಸುಣ್ಣ ಬಳಿಯುವಾಗ ಕೈ ಜಾರಿದ ಹಾಗೆ. ಅವನದು ಮುಂದಾಳು ಕುರಿಗಳ ವಂಶ. ಆ ತಳಿಗೆ ಮೈತುಂಬ ಮಾಂಸವಿಲ್ಲ, ಉದ್ದ ಕಾಲು, ಸಣ್ಣ ಎಲುಬು. ತಕ್ಕಡಿಗೆ ಹಾಕಿದರೆ ನಗೆಪಾಟಲು. ಆದರೆ ಹವಾಮಾನ ಕೆಡುವುದು ನಮ್ಮ ರೇಡಿಯೋಗಿಂತ ಮೊದಲು ಅವಕ್ಕೆ ಗೊತ್ತಾಗುತ್ತದೆ, ದಾರಿಯೂ ಅವಕ್ಕೇ ಗೊತ್ತು. ಉಳಿದ ಕುರಿಗಳು ಅವುಗಳ ಹಿಂದೆ ಹೋಗುತ್ತವೆ.

ನನಗಾಗ ಹತ್ತೊಂಬತ್ತು. ಬೇಸಿಗೆಯಿಡೀ ಗುಡ್ಡದಲ್ಲಿ ಮೇಯಲು ಬಿಟ್ಟ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಇಳಿಸಿ ತರುತ್ತಿದ್ದೆವು, ಅಪ್ಪ ಮತ್ತು ನಾನು. ಅರ್ಧ ದಾರಿಯಲ್ಲಿ ಹಿಮ ಸುರಿಯತೊಡಗಿತು. ಕುದುರೆಯ ಮೇಲೆ ಕೂತವಳಿಗೆ ಕುದುರೆಯ ಕಿವಿ ಕಾಣುತ್ತಿರಲಿಲ್ಲ. ಅಪ್ಪ ಇಳಿದು ಬಂದು ನನ್ನ ಲಗಾಮನ್ನೂ ತಾನೇ ಹಿಡಿದುಕೊಂಡ.

"ದಾರಿ ತಪ್ಪಿದ್ವಾ ಅಪ್ಪಾ?" ಅಂದೆ.

"ನಾವು ತಪ್ಪಿದೀವಿ. ಬ್ಲೇಸಿ ತಪ್ಪಿಲ್ಲ. ಇಳಿ, ಕೊನೇ ಕುರಿ ಉಣ್ಣೇಲಿ ಕೈ ಇಡು, ಬಿಡಬೇಡ."

ಒಂದೂವರೆ ವರ್ಷದ ಟಗರು ಅದು. ಮುಂದೆ ಅವನು, ಅವನ ಹಿಂದೆ ಇನ್ನೂರು ಕುರಿ ಒಂದೇ ಸಾಲಿನಲ್ಲಿ, ಬಾಲದಲ್ಲಿ ನಾವಿಬ್ಬರು ಮತ್ತು ಎರಡು ಕುದುರೆ. ನಾಲ್ಕು ಗಂಟೆ ನಡೆದೆವು. ಸಾಲು ನಿಂತಾಗ ನಾನು ಎಲ್ಲೋ ಪ್ರಪಾತದ ಅಂಚಿಗೆ ಬಂದೆವು ಅಂದುಕೊಂಡೆ. ಅದು ನಮ್ಮ ಕೊಟ್ಟಿಗೆಯ ಬಾಗಿಲು. ಅಮ್ಮ ಹೊರಗೆ ಬಂದವಳು ಮೊದಲು ಬ್ಲೇಸಿಗೆ ಒಂದು ತುಂಡು ರೊಟ್ಟಿ ಕೊಟ್ಟಳು, ಆಮೇಲೆ ನಮ್ಮ ಕಡೆ ತಿರುಗಿದಳು. ಆ ಕ್ರಮ ಸರಿಯಾಗಿಯೇ ಇತ್ತು.

ಸುದ್ದಿ ಕೊಲ್ಲಿ ದಾಟಿ ಹೋಯಿತು. ನವೆಂಬರಿನಲ್ಲಿ ವೀರ್ಯಕೇಂದ್ರದವರು ಬಂದರು. ಮುಂದಾಳು ತಳಿ ದೇಶದಲ್ಲಿ ಕಮ್ಮಿಯಾಗಿದೆ, ಇಂಥ ಟಗರು ಒಂದು ಮನೆಯ ಸ್ವತ್ತಲ್ಲ ಅಂದರು. ಅಮ್ಮ ಬೇಡ ಅಂದಳು. ಅಪ್ಪನಿಗೆ ಬಾಯಿಬಿಟ್ಟು ಇಲ್ಲ ಅನ್ನಲು ಬರುತ್ತಿರಲಿಲ್ಲ, ಅದರಲ್ಲೂ ಟೈ ಕಟ್ಟಿದವರಿಗೆ. ಬ್ಲೇಸಿಯನ್ನು ಜೀಪಿನ ಹಿಂದೆ ಹತ್ತಿಸಿದರು. ಅವನು ಹಿಂದಿನ ಗಾಜಿನಿಂದ ನಮ್ಮನ್ನೇ ನೋಡುತ್ತ ಹೋದ. ರೋಗ ಹರಡೀತೆಂದು ನಮ್ಮಲ್ಲಿ ಕಾನೂನಿದೆ: ಕೇಂದ್ರಕ್ಕೆ ಹೋದ ಟಗರು ಹುಟ್ಟಿದ ಮನೆಗೆ ಜೀವಂತ ಮರಳುವಂತಿಲ್ಲ. ಅಮ್ಮ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ, ಪಾತ್ರೆಗಳ ಮೂಲಕ ಮಾತಾಡಿದಳು. ಬ್ಲೇಸಿ ಅಲ್ಲೇ ಸತ್ತ. ಅವನ ಕಡ್ಡಿಗಳು ದೇಶವೆಲ್ಲ ಸುತ್ತಿದವು. ನಮ್ಮ ಮನೆಗೆ ಒಂದೂ ಬರಲಿಲ್ಲ, ಏಕೆಂದರೆ ಅಪ್ಪ ಒಂದನ್ನೂ ತರಿಸಲಿಲ್ಲ. "ಕೊಟ್ಟಮೇಲೆ ಕೊಟ್ಟೆ" ಅನ್ನುತ್ತಿದ್ದ. ಅದನ್ನು ನಾನು ಜಂಬ ಅಂದುಕೊಂಡೆ. ಎಷ್ಟೋ ವರ್ಷ ಹಾಗೇ ಅಂದುಕೊಂಡೆ.

ಇಪ್ಪತ್ತಾರು ವರ್ಷ ಕಳೆಯಿತು. ಅಮ್ಮ ಹೋದಳು. ನಾನು ಆ ಏಳು ವರ್ಷದ ಸಂಸಾರ ಮುಗಿಸಿ ಮನೆಗೆ ಬಂದು ಅಪ್ಪನ ಜೊತೆ ಕುರಿ ನೋಡಿಕೊಂಡಿದ್ದೆ. ಅಪ್ಪನಿಗೆ ಎಂಬತ್ತೊಂದು. ಕೈಕಾಲು ಗಟ್ಟಿ, ಕಣ್ಣು ಹೋಗುತ್ತಿತ್ತು. ಅದೂ ನಡುವಿನಿಂದ. ನೇರ ನೋಡಿದರೆ ಮಸುಕು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಹಾಗಾಗಿ ನಿಮ್ಮ ಮುಖ ನೋಡಬೇಕೆಂದರೆ ಅಪ್ಪ ಗೋಡೆಯ ಕಡೆ ತಿರುಗುತ್ತಿದ್ದ. ಗೊತ್ತಿಲ್ಲದವರು ಮುದುಕನಿಗೆ ಸೊಕ್ಕು ಅಂದುಕೊಳ್ಳುತ್ತಿದ್ದರು. ಇನ್ನೊಂದು ವರ್ಷದಲ್ಲಿ ಅಂಚೂ ಹೋಗುತ್ತದೆ ಅಂದಿದ್ದರು ಡಾಕ್ಟರು.

ಆ ನವೆಂಬರಿನಲ್ಲಿ ಪುಸ್ತಕ ಬಂದಾಗ ನಾನೇ ಓದಿ ಹೇಳಿದೆ. ಅಪ್ಪ ಭೂತಗನ್ನಡಿಯನ್ನು ಕೈಯಲ್ಲಿ ತಿರುವುತ್ತ ಕೂತಿದ್ದ. ಎಲ್ಲ ಮುಗಿದ ಮೇಲೆ ಕೇಳಿದ:

"ದೀಸಾ, ಬ್ಲೇಸಿದು ಏನಾದ್ರೂ ಉಳಿದಿರತ್ತಾ ಅವರ ಹತ್ರ?"

ನಾನು ಕಪ್ ಕೆಳಗಿಟ್ಟೆ. "ಇಷ್ಟು ವರ್ಷ ಆದ್ಮೇಲೆ ಕೇಳ್ತೀಯಲ್ಲ."

"ಬ್ಲೇಸಿ ನಮ್ಮಿಬ್ಬರನ್ನೂ ಮನೆಗೆ ಕರ್ಕೊಂಡು ಬಂದ. ನಾನು ಅವನನ್ನ ಮನೆಯಿಂದ ಕಳಿಸಿದೆ. ಯಾವ ಮುಖ ಇಟ್ಕೊಂಡು ಕೇಳ್ಲಿ? ಈಗ ಮುಖನೇ ಕಾಣಲ್ಲ ನಂಗೆ, ಅದಕ್ಕೆ ಕೇಳ್ತಿದೀನಿ. ಆ ಮೂತಿ ಒಂದ್ಸಲ ನೋಡಬೇಕು ಕಣೇ, ಪೂರ್ತಿ ಕತ್ತಲಾಗೋಕೆ ಮುಂಚೆ."

ಮರುದಿನವೇ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ಹುಡುಕಿ ಹೇಳಿದಳು: ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟ ಕ್ಯಾನಿನ ತಳದಲ್ಲಿ ಎರಡು ಕಡ್ಡಿ ಇವೆ, ಎರಡೇ. ಎರಡನ್ನೂ ಕ್ಯಾನಿನಲ್ಲೇ ಕಳಿಸಿ ಅಂದೆ.

ಕುರಿ ಯಾವುದೆಂದು ಯೋಚಿಸಬೇಕಾಗಿರಲಿಲ್ಲ. ನಮ್ಮಲ್ಲಿ ಉಳಿದಿದ್ದ ಒಂದೇ ಮುಂದಾಳು ಕುರಿ ಕ್ರುಮ್ಮ, ತಲೆಯಿಂದ ಗೊರಸಿನವರೆಗೆ ಕಪ್ಪು, ಒಂದು ಬಿಳಿ ಕೂದಲಿಲ್ಲ. ಅವಳು ಮರಿಯಾಗಿದ್ದಾಗ ಅಪ್ಪ ಯಾರಿಂದಲೋ ತಂದಿದ್ದ. ಅವಳಿಗೆ ಬೀಗ ತೆಗೆಯುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು.

ಡಿಸೆಂಬರ್ ಹನ್ನೆರಡಕ್ಕೆ ಮೊದಲ ಕಡ್ಡಿ ಹಾಕಿದೆ. ಹೆಪ್ಪುಗಟ್ಟಿಸಿದ ವೀರ್ಯ ಕುರಿಯಲ್ಲಿ ನಿಲ್ಲುವುದು ಕಷ್ಟ, ಹತ್ತಕ್ಕೆ ನಾಲ್ಕು ನಿಂತರೆ ಹಬ್ಬ. ನಿಲ್ಲಲಿಲ್ಲ. ಹದಿನಾರು ದಿನ ಕಳೆದು, ಕ್ರಿಸ್ಮಸ್ ಮುಗಿದು, ಹೊಗೆಯಾಡಿಸಿದ ಮಾಂಸ ಇನ್ನೂ ಮುಗಿಯದೆ ಅದನ್ನೇ ಮೂರು ಹೊತ್ತು ತಿನ್ನುವ ದಿನಗಳಲ್ಲಿ, ಕ್ರುಮ್ಮ ಮತ್ತೆ ಬೆದೆಗೆ ಬಂದಳು.

ಬೆದೆ ಕಂಡುಹಿಡಿಯುವುದು ಬಂಗ್ಸಿಯ ಕೆಲಸ. ಬಂಗ್ಸಿ ನಮ್ಮ ಬಿಳಿ ಬಣ್ಣದ, ಮಾಂಸದ ತಳಿಯ ಟಗರು, ಕುತ್ತಿಗೆಯೇ ಇಲ್ಲದ ಪೀಪಾಯಿ. ಅವನ ಹೊಟ್ಟೆಯಡಿಗೆ ಗೋಣಿತಟ್ಟಿನ ಅಡ್ಡಬಟ್ಟೆ ಕಟ್ಟಿ, ಕೊಂಬಿಗೆ ಹಗ್ಗ ಹಾಕಿ, ಬೆಳಿಗ್ಗೆ ಸಂಜೆ ಕುರಿಗಳ ಮುಂದೆ ನಡೆಸಬೇಕು. ಬೆದೆಗೆ ಬಂದದ್ದು ಅವನೆದುರು ನಿಲ್ಲುತ್ತದೆ. ಅವನು ಏರಿದರೂ ಅಡ್ಡಬಟ್ಟೆ ಇರುವುದರಿಂದ ಏನೂ ಆಗುವುದಿಲ್ಲ. ಅಡ್ಡಬಟ್ಟೆ ಅಮ್ಮ ಹೊಲಿದದ್ದು. ಅದರ ದಾರವನ್ನು ಬೆನ್ನ ಮೇಲೆ ಎರಡು ಸಲ ಅಡ್ಡ ಹಾಯಿಸಿ ಹೆಗಲ ಹತ್ತಿರ ಗಂಟು ಹಾಕಬೇಕು ಅಂತ ಅಮ್ಮನ ನಿಯಮ. ಆ ಸಂಜೆ ನಾನು ಒಂದೇ ಸಲ ಹಾಯಿಸಿ ಕಟ್ಟಿದೆ. ಅವಸರವೇನೂ ಇರಲಿಲ್ಲ. ಸೋಮಾರಿತನ, ಅಷ್ಟೇ.

ಕ್ರುಮ್ಮ ನಿಂತಳು. ನನಗೆ ಖುಷಿಯೋ ಖುಷಿ. ಬೆಳಿಗ್ಗೆ ಕಡ್ಡಿ ಹಾಕಿದರೆ ಹೊತ್ತು ಸರಿಹೋಗುತ್ತದೆ ಎಂದು ಲೆಕ್ಕ ಹಾಕಿ ಬಂಗ್ಸಿಯನ್ನು ಆಚೆಯ ಕಂಬಕ್ಕೆ ಕಟ್ಟಿದೆ. ಅಷ್ಟರಲ್ಲಿ ಕೊಟ್ಟಿಗೆಯ ಕಾಫಿಕೋಣೆಯಲ್ಲಿ ಫೋನು. ಮೂರು ಮನೆಯಾಚೆಯ ಕೊಲ್‌ಬೇನ್.

"ಏನಮ್ಮಾ, ನಿಮ್ಮ ಸತ್ತ ಮದುಮಗನ ಸಮಾಚಾರ ಏನು?" ಅಂದ.

"ನಾಳೆ ಬೆಳಿಗ್ಗೆ ಮುಹೂರ್ತ. ನಿಂಗ್ಯಾಕೆ?"

"ಇಪ್ಪತ್ತಾರು ವರ್ಷ ಫ್ರಿಜ್ಜಲ್ಲಿದ್ದೋನು ಅಂತ ಕೇಳ್ದೆ. ನನ್ನ ಹೆಂಡ್ತಿ ಹೇಳ್ತಾಳೆ, ನಾನು ಹೊರಗಿದ್ದೇ ಅಷ್ಟು ತಣ್ಣಗಾಗಿದೀನಂತೆ."

"ಅವಳು ಹೇಳಿದ್ಮೇಲೆ ಸರಿಯಾಗೇ ಇರತ್ತೆ ಬಿಡು."

ಕೊಲ್‌ಬೇನನ ಜೊತೆ ಮಾತಿಗೆ ನಿಂತರೆ ಇಪ್ಪತ್ತು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. ಮರಳಿ ಬಂದಾಗ ಬಂಗ್ಸಿ ಕಂಬದ ಹತ್ತಿರವೇ ಇದ್ದ, ಹಗ್ಗ ಗಟ್ಟಿಯಾಗಿಯೇ ಇತ್ತು. ಆದರೆ ಕ್ರುಮ್ಮನನ್ನು ಯಾರೂ ಕಟ್ಟಿರಲಿಲ್ಲವಲ್ಲ. ಅವಳು ಎದೆಮಟ್ಟದ ಅಡ್ಡಗೋಡೆ ಹಾರಿ ಅವನ ಪಕ್ಕಕ್ಕೆ ಬಂದಿದ್ದಳು. ಅಡ್ಡಬಟ್ಟೆ ಬಂಗ್ಸಿಯ ಬೆನ್ನಿನ ಮೇಲೆ ಶಾಲಿನ ಹಾಗೆ ಬಿದ್ದಿತ್ತು. ಅವನ ಮುಖದಲ್ಲಿ ಸನ್ಮಾನ ಮಾಡಿಸಿಕೊಂಡವನ ಕಳೆ.

ಕ್ರುಮ್ಮನನ್ನು ಅವಳ ಜಾಗಕ್ಕೆ ದಬ್ಬಿದೆ. ಆಗಿರಲಿಕ್ಕಿಲ್ಲ ಎಂದು ಹೇಳಿಕೊಂಡೆ, ಆಗಿದೆ ಎಂದು ಗೊತ್ತಿತ್ತು. ಅಡ್ಡಬಟ್ಟೆ ಬಿಚ್ಚಿ, ಮಡಚಿ, ಮೊಳೆಗೆ ಹಾಕಿದೆ. ಬೆಳಿಗ್ಗೆ ಅಪ್ಪನಿಗೆ ಹೇಳಿಬಿಡಬೇಕು, ಕೊನೆಯ ಕಡ್ಡಿಯನ್ನು ಹಾಗೇ ಉಳಿಸಬೇಕು, ಬಂಗ್ಸಿಯದು ನಿಲ್ಲದಿದ್ದರೆ ಮುಂದಿನ ಬೆದೆಗೆ, ನಿಂತರೆ ಮುಂದಿನ ವರ್ಷಕ್ಕೆ. ಹೀಗೆಲ್ಲ ನಿರ್ಧರಿಸಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಕೊಟ್ಟಿಗೆಗೆ ಹೋದರೆ ಅಪ್ಪ ನನಗಿಂತ ಮೊದಲೇ ಅಲ್ಲಿದ್ದ. ಒಬ್ಬನೇ, ಕೈಗವಸು ಹಾಕಿಕೊಂಡು, ಕ್ಯಾನಿನ ಮುಚ್ಚಳ ತೆಗೆದಿಟ್ಟಿದ್ದ. ಬಿಸಿನೀರಿನ ಫ್ಲಾಸ್ಕಿನ ಬಾಯಿಗೆ ಹೆಬ್ಬೆಟ್ಟು ಹಚ್ಚಿ ನಿಂತಿದ್ದ.

"ಅಪ್ಪಾ, ಏನ್ ಮಾಡ್ತಿದೀಯ?"

"ಕಡ್ಡಿ ಬಿಸಿನೀರಿಗೆ ಹಾಕ್ದೆ. ಒಂದೇ ಇತ್ತಲ್ಲ, ಹುಡುಕೋ ತಾಪತ್ರಯ ಇರ್ಲಿಲ್ಲ."

"ನೀರಿನ ಬಿಸಿ ಹೇಗೆ ನೋಡ್ದೆ? ಥರ್ಮಾಮೀಟರ್ ಕಾಣತ್ತಾ ನಿಂಗೆ?"

"ಫ್ಲಾಸ್ಕಿಗೆ ಹುಯ್ಯೋಕೆ ಮುಂಚೆ ಬಕೆಟ್ಟಲ್ಲಿ ಮೊಣಕೈ ಅದ್ದಿ ನೋಡ್ದೆ. ನಿನಗೆ ಸ್ನಾನ ಮಾಡಿಸುವಾಗ್ಲೂ ಹಾಗೇ ನೋಡ್ತಿದ್ದೆ, ಬೆಂದು ಹೋಗ್ಲಿಲ್ಲವಲ್ಲ ನೀನು. ಬೇಗ ಬಾ, ತಡ ಮಾಡಬೇಡ."

ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಲು ಬರುವುದಿಲ್ಲ. ಹಾಕಬೇಕು, ಇಲ್ಲವೇ ಚೆಲ್ಲಬೇಕು. ಈಗ ಬಂಗ್ಸಿಯ ವಿಷಯ ಹೇಳಿ ಏನೂ ಪ್ರಯೋಜನವಿರಲಿಲ್ಲ. ಅಪ್ಪ ಕ್ರುಮ್ಮನ ಹಿಂಗಾಲು ಎತ್ತಿ ಹಿಡಿದ, ನಾನು ದೀಪ ಕಟ್ಟಿಕೊಂಡು ಬಗ್ಗಿದೆ. ಅರ್ಧ ನಿಮಿಷದಲ್ಲಿ ಕೊನೆಯ ಕಡ್ಡಿಯೂ ಮುಗಿಯಿತು.

ಆಮೇಲಿನ ಐದು ತಿಂಗಳು ನನಗೆ ಊಟ ರುಚಿಸಲಿಲ್ಲ. ಅಪ್ಪ ಊರಿಗೆಲ್ಲ ಹೇಳಿದ್ದ. ಸಹಕಾರಿ ಅಂಗಡಿಗೆ ಹೋದರೆ ಬ್ಲೇಸಿ ಹೇಗಿದ್ದಾನೆ ಅನ್ನುವವರು, ಚರ್ಚಿಗೆ ಹೋದರೆ ಅಲ್ಲೂ ಅದೇ. ಮಾರ್ಚಿನಲ್ಲಿ ಸ್ಕ್ಯಾನ್ ಮಾಡುವವಳು ಬಂದು ಕ್ರುಮ್ಮನ ಹೊಟ್ಟೆಯಲ್ಲಿ ಎರಡಿವೆ ಅಂದಳು. ಅಪ್ಪ ಅವಳ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ನಾನು ಲೆಕ್ಕ ಹಾಕುತ್ತಿದ್ದೆ. ಟಗರು ಸಂಜೆಗೆ, ಕಡ್ಡಿ ಬೆಳಿಗ್ಗೆಗೆ. ದಿನ ಎಣಿಸಿ ಪ್ರಯೋಜನವಿಲ್ಲ. ಬಣ್ಣವೇ ಹೇಳಬೇಕು. ಬಂಗ್ಸಿಗೆ ಹುಟ್ಟಿದ್ದೆಲ್ಲ ಬಿಳಿ, ತಾಯಿ ಕಪ್ಪಾದರೂ ಬಿಳಿ. ಬ್ಲೇಸಿಯದಾದರೆ ಬಿಳಿಯಾಗುವಂತೆಯೇ ಇಲ್ಲ.

ಏಪ್ರಿಲ್ ಹೊತ್ತಿಗೆ ಅಪ್ಪನ ಕಣ್ಣಿನ ಅಂಚೂ ಸವೆಯಿತು. ಬಾಗಿಲ ಚೌಕಟ್ಟು ತಡವಿಕೊಂಡು ಓಡಾಡತೊಡಗಿದ. ಆಗ ನನ್ನ ತಲೆಯೊಳಗೆ ಒಂದು ಕೆಟ್ಟ ಯೋಚನೆ ಹೊಕ್ಕಿತು. ಬಿಳಿ ಮರಿ ಹುಟ್ಟಿದರೂ ಕಪ್ಪು ಅಂದರಾಯಿತು. ಪಟ್ಟೆ ಇದೆ, ಎಡಕ್ಕೆ ವಾಲಿದೆ ಅಂದರಾಯಿತು. ಮುದುಕ ನೆಮ್ಮದಿಯಾಗಿರುತ್ತಾನೆ. ಕೊಲ್‌ಬೇನನ ಬಾಯಿ ಮುಚ್ಚಿಸುವುದೊಂದೇ ಕಷ್ಟ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಯೋಚನೆ ಬಂದ ಮೇಲೆ ನನಗೆ ನಿದ್ದೆ ಬಂತು.

ಮೇ ಇಪ್ಪತ್ತೊಂದರ ಮಧ್ಯಾಹ್ನ ಕ್ರುಮ್ಮ ಮೂಲೆ ಹಿಡಿದಳು. ಕೊಟ್ಟಿಗೆಯ ಎರಡೂ ಬಾಗಿಲು ತೆರೆದಿದ್ದೆವು, ಕೊಲ್ಲಿಯ ನೀರಿನ ಬೆಳಕು ಒಳಗಿನ ಗೋಡೆಯ ಮೇಲೆ ಆಡುತ್ತಿತ್ತು. ಅಪ್ಪ ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತಿದ್ದ. ಮೊದಲ ಮರಿ ದೊಡ್ಡದು, ಹೆಗಲು ಸಿಕ್ಕಿಬಿತ್ತು. ನಾನು ಕೈ ಹಾಕಿ ಎಳೆದೆ. ಹುಲ್ಲಿನ ಮೇಲೆ ಬಿದ್ದು ಒದ್ದಾಡಿ ಕೂಗಿತು.

"ಯಾವ ಬಣ್ಣ?" ಅಪ್ಪ ಕೇಳಿದ.

ಕಪ್ಪು ಅನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಮರಿಯ ಮೂಗಿನ ಲೋಳೆ ಒರೆಸುತ್ತ ಅಪ್ಪನ ಕಡೆ ನೋಡಿದೆ. ಕಣ್ಣು ಎಲ್ಲೋ, ಬಾಯಿ ಅರ್ಧ ತೆರೆದು, ಕೈ ಮುಂದೆ ಚಾಚಿ ಕೂತಿದ್ದ. ಹಿಮದಲ್ಲಿ ನನ್ನ ಲಗಾಮು ಹಿಡಿದಿದ್ದ ಕೈ ಅದು. ನನ್ನಿಂದ ಆಗಲಿಲ್ಲ.

"ಬಿಳಿ ಅಪ್ಪಾ."

ಅವನು ಕೈ ಹಿಂದಕ್ಕೆಳೆದುಕೊಂಡ.

"ನನ್ನ ತಪ್ಪು," ಅಂದೆ. "ಹಿಂದಿನ ಸಂಜೆ ಅಡ್ಡಬಟ್ಟೆ ಜಾರಿತ್ತು. ಅಮ್ಮ ಹೇಳಿದ ಹಾಗೆ ಕಟ್ಟಿರ್ಲಿಲ್ಲ. ಫೋನಲ್ಲಿ ಹರಟ್ತಾ ನಿಂತಿದ್ದೆ. ಬಂಗ್ಸಿ..." ಅಷ್ಟರಲ್ಲಿ ಅತ್ತುಬಿಟ್ಟೆ.

"ಗೊತ್ತು."

"ಏನ್ ಗೊತ್ತು?"

"ಬೆಳಿಗ್ಗೆ ಬಂದಾಗ್ಲೇ ಗೊತ್ತಾಯ್ತು. ಕ್ರುಮ್ಮನ ಬೆನ್ನೆಲ್ಲ ಬಂಗ್ಸಿ ವಾಸನೆ. ಆಮೇಲೆ ಮೊಳೆ ತಡವಿ ನೋಡ್ದೆ, ಅಡ್ಡಬಟ್ಟೆ ನಾಲ್ಕು ಮಡಿಕೆ ಮಾಡಿ ನೇತಾಕಿದೀಯ. ಹುಟ್ಟಿದಾಗಿಂದ ನೀನು ಒಂದು ಬಟ್ಟೆ ಮಡಚಿದ್ದು ನಾನು ಕಂಡಿಲ್ಲ."

"ಗೊತ್ತಿದ್ದೂ ಕೊನೇ ಕಡ್ಡಿ ನೀರಿಗೆ ಹಾಕಿದ್ಯಾ? ಹಾಳು ಮಾಡ್ಬಿಟ್ಯಲ್ಲ ಅಪ್ಪಾ. ಉಳಿಸ್ಕೊಂಡಿದ್ರೆ ಮುಂದಿನ ವರ್ಷ..."

"ಅದಕ್ಕೇ ಹಾಕಿದ್ದು." ಅಪ್ಪನ ಧ್ವನಿ ಸಣ್ಣದಾಯಿತು. "ನೀನು ಬಂದ್ರೆ ಇದ್ದದ್ದು ಹೇಳ್ಬಿಡ್ತೀಯ, ಕಡ್ಡಿ ಉಳಿಸೋಣ ಅಂತೀಯ, ನಾನು ಹೂಂ ಅಂತೀನಿ. ನಂಗೆ ಯಾವತ್ತು ಇಲ್ಲ ಅನ್ನೋಕೆ ಬಂದಿದೆ? ಮುಂದಿನ ವರ್ಷ ಹುಟ್ಟಿದ್ರೆ ಯಾವ ಕಣ್ಣಲ್ಲಿ ನೋಡ್ಲಿ ದೀಸಾ? ನೀನು ಬರೋಕೆ ಮುಂಚೆ ಹಾಕ್ಬಿಟ್ಟೆ."

ನಾನು ಐದು ತಿಂಗಳು ಅಪ್ಪನಿಂದ ಮುಚ್ಚಿಟ್ಟಿದ್ದೆ. ಅಪ್ಪ ಐದು ತಿಂಗಳು ನನ್ನಿಂದ ಮುಚ್ಚಿಟ್ಟಿದ್ದ. ಒಂದೇ ಮೇಜಿನಲ್ಲಿ ಕೂತು ಒಂದೇ ಪಾತ್ರೆಯ ಕಾಫಿ ಕುಡಿದಿದ್ದೆವು. ನನಗೆ ಸಿಟ್ಟೂ ಬಂತು, ನಗುವೂ ಬಂತು, ಯಾವುದಕ್ಕೂ ಹೊತ್ತಿರಲಿಲ್ಲ. ಕ್ರುಮ್ಮ ಮತ್ತೆ ನರಳಿದಳು.

ಎರಡನೆಯದಕ್ಕೆ ನನ್ನ ಕೈ ಬೇಕಾಗಲಿಲ್ಲ. ಕಾಲು ಮೊದಲು, ಆಮೇಲೆ ಮೂತಿ, ಜಾರಿಕೊಂಡು ಬಂತು. ಸಣ್ಣ ಮರಿ, ಮೈಯೆಲ್ಲ ಕಾಲೇ. ಲೋಳೆಯಡಿಯಲ್ಲಿ ಮೈ ಕಪ್ಪಗಿತ್ತು, ಕಾಲು ಬೆಳ್ಳಗಿತ್ತು. ನಾನು ಮುಖ ಒರೆಸಿದೆ. ಹಣೆಯ ಮೇಲೆ ಬಿಳಿ ಪಟ್ಟೆ.

ಹೀಗೂ ಆಗುತ್ತದೆ. ಒಂದೇ ಬಸಿರಿನಲ್ಲಿ ಇಬ್ಬರು ಅಪ್ಪಂದಿರ ಮಕ್ಕಳು. ಪುಸ್ತಕಗಳಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಮರಿಯನ್ನೆತ್ತಿ ಅಪ್ಪನ ತೊಡೆಯ ಮೇಲಿಟ್ಟೆ. ಅವನು ಕಾಲುಗಳನ್ನು ಒಂದೊಂದಾಗಿ ಬೆರಳಲ್ಲಿ ಅಳೆದ, ಪಕ್ಕೆಲುಬು ಸವರಿದ. ಆಮೇಲೆ ಎದ್ದು ಬಾಗಿಲ ಬೆಳಕಿಗೆ ಹೋದ. ಮರಿಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು, ಅದರಿಂದ ಮುಖ ತಿರುಗಿಸಿಕೊಂಡು ಗೋಡೆಯ ಕಡೆ ನೋಡಿದ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಆ ಕಣ್ಣಿನಂಚಿನಲ್ಲಿ ಇನ್ನೂ ಒಂದು ಎಳೆ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ಇದಕ್ಕಾಗಿಯೇ ಉಳಿಸಿಕೊಂಡಿದ್ದನೆಂದು ಕಾಣುತ್ತದೆ.

"ಪಟ್ಟೆ ಎಡಕ್ಕೆ ವಾಲಿದೆ ಅಪ್ಪಾ," ಅಂದೆ. ಅಷ್ಟು ಸತ್ಯ ಹೇಳಿದ ಮೇಲೆ ಒಂದು ಸಣ್ಣ ಸುಳ್ಳಿಗೆ ಜಾಗವಿದೆ ಅನ್ನಿಸಿತ್ತು.

"ಬಲಕ್ಕೆ," ಅಂದ ಅಪ್ಪ. "ಇರ್ಲಿ."

ನಾನು ತಲೆ ತಗ್ಗಿಸಿದೆ. ಬಲಕ್ಕೇ ಇತ್ತು.

"ಗಂಡೋ ಹೆಣ್ಣೋ?"

"ಹೆಣ್ಣು."

ಅಪ್ಪ ಮರಿಯನ್ನು ಎದೆಗವಚಿಕೊಂಡ. ಅದರ ಒದ್ದೆ ಅವನ ಉಣ್ಣೆಯಂಗಿಗೆಲ್ಲ ಹತ್ತಿತು. ಕೇಂದ್ರದವರಿಗೆ ಬೇಕಾಗುವುದು ಟಗರುಗಳು ಮಾತ್ರ.

"ಸದ್ಯ," ಅಂದ. "ಇನ್ನು ಇದನ್ನ ಕೇಳ್ಕೊಂಡು ಯಾರೂ ಮನೆಗೆ ಬರಲ್ಲ."

ನಾನು ಒಣಹುಲ್ಲು ತರುವ ನೆಪದಲ್ಲಿ ಹಿಂದಿನ ಬಾಗಿಲಿಗೆ ಹೋಗಿ ನಿಂತೆ. ಕಾಫಿಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಕೊಲ್‌ಬೇನನೇ ಇರಬೇಕು. ಹೊಡೆದುಕೊಳ್ಳಲಿ ಎಂದು ಬಿಟ್ಟೆ.